ಕ್ಯಾಪ್ಟನ್ ಒಳ್ಳೆಯವನೇ, ತೊಂದರೆ ಇರೋದೇ ಅಲ್ಲಿ

ಮಾನ್ಯ ಸಂಪಾದಕರೇ,

ಭಾನುವಾರದ ಪುರವಣಿಯಲ್ಲಿ ಕಾಡಲ್ಲಿ ಸಿಕ್ಕಿಹಾಕಿಕೊಂಡು ಬದುಕಿ ಬಂದವರ ಸಿನಿಮಾಗಳ ಪಟ್ಟಿ ಹಾಕಿದ್ದಿರಿ. ಕರಡಿ ಜೊತೆ ಸೆಣಸಿದವನು, ದ್ವೀಪದಲ್ಲಿ ಒಬ್ಬನೇ ಉಳಿದವನು, ಹಿಮದಲ್ಲಿ ದಾರಿ ತಪ್ಪಿದವರು, ಎಲ್ಲರೂ ಇದ್ದರು. ಕೊನೆಗೆ ಒಂದು ಮೂಲೆಯಲ್ಲಿ ಜಪಾನಿನ ನಿರ್ದೇಶಕ ಅಕಿರಾ ಕುರೊಸಾವಾ ಅವರ ‘ದೆರ್ಸು ಉಜಾಲಾ’ಗೆ ನಾಲ್ಕು ಸಾಲು ಸಿಕ್ಕಿತ್ತು. ಲೋಕ ತಿಳಿಯದ ಒಬ್ಬ ಕಾಡಿನ ಮುದುಕ, ಒಬ್ಬ ಒಳ್ಳೆಯ ಅಧಿಕಾರಿ, ಇಬ್ಬರ ಸ್ನೇಹ, ಸಿನಿಮಾ ಸ್ವಲ್ಪ ನಿಧಾನ, ತಾಳ್ಮೆ ಇದ್ದವರು ನೋಡಬಹುದು. ಅಷ್ಟೇ! ಬರೆದವರ ಮೇಲೆ ಕೋಪವೇನಿಲ್ಲ, ಪಟ್ಟಿ ಮಾಡುವವರಿಗೆ ಜಾಗದ ಕಷ್ಟ ಇರುತ್ತದೆ. ಆದರೆ ಆ ನಾಲ್ಕು ಸಾಲು ಓದಿದವರಿಗೆ ಸಿನಿಮಾ ತಲೆಕೆಳಗಾಗಿ ಕಾಣುತ್ತದೆ. ಹಾಗಾಗಿ ಈ ಪತ್ರ. ಉದ್ದ ಆಗುತ್ತದೆ, ಕತ್ತರಿ ಹಾಕುವುದು ನಿಮಗೆ ಬಿಟ್ಟದ್ದು.

ನಾನು ಸಿನಿಮಾ ಪಂಡಿತನಲ್ಲ. ಸರ್ವೆ ಕೆಲಸ ಮಾಡಿ ನಿವೃತ್ತನಾದವನು. ಚೈನು ಎಳೆಸಿ, ಬಾಂದುಕಲ್ಲು ಹುಡುಕಿ, ಟಿಪ್ಪಣಿ ಪುಸ್ತಕ ಹಿಡಿದು ಗದ್ದೆ ಬದು, ಕಾನು, ಗುಡ್ಡ ಸುತ್ತಿದವನು. ಈ ಸಿನಿಮಾ ಮೊದಲು ನೋಡಿದ್ದು ಫಿಲ್ಮ್ ಸೊಸೈಟಿಯವರು ಒಂದು ಸಭಾಂಗಣದಲ್ಲಿ ತೋರಿಸಿದಾಗ. ಪಕ್ಕದಲ್ಲಿ ಕೂತವರೆಲ್ಲ ಕಾಡು, ಹಿಮ, ಹುಲಿ ನೋಡುತ್ತಿದ್ದರೆ ನನ್ನ ಕಣ್ಣು ಹೋಗಿದ್ದು ಕ್ಯಾಪ್ಟನ್ ಹೊತ್ತು ತಂದ ಉಪಕರಣದ ಮೇಲೆ. ಅದರ ಬಗ್ಗೆ ಆಮೇಲೆ ಹೇಳುತ್ತೇನೆ.

ನೋಡದವರಿಗಾಗಿ ಕಥೆ ಎರಡು ಮಾತಲ್ಲಿ. ರಷ್ಯಾದ ಪೂರ್ವ ತುದಿ, ಚೀನಾ ಗಡಿಗೆ ಅಂಟಿಕೊಂಡ ಉಸ್ಸೂರಿ ಕಾಡು. 1902ನೇ ಇಸವಿ. ವ್ಲಾದಿಮಿರ್ ಆರ್ಸೆನ್ಯೆವ್ ಎಂಬ ಸೈನ್ಯದ ಕ್ಯಾಪ್ಟನ್ ಒಂದಷ್ಟು ಸೈನಿಕರನ್ನು ಕಟ್ಟಿಕೊಂಡು ನಕ್ಷೆ ಮಾಡಲು ಬಂದಿದ್ದಾನೆ. ರಾತ್ರಿ ಬೆಂಕಿ ಹಾಕಿಕೊಂಡು ಕೂತಿದ್ದಾಗ ಕತ್ತಲಲ್ಲಿ ಸದ್ದು. ಕರಡಿ ಇರಬೇಕು ಅಂತ ಬಂದೂಕು ಎತ್ತುತ್ತಾರೆ. ಕತ್ತಲೊಳಗಿಂದ ಹರಕುಮುರುಕು ರಷ್ಯನ್‌ನಲ್ಲಿ ಒಂದು ಕೂಗು: ಗುಂಡು ಹೊಡೀಬೇಡಿ, ನಾನು ಮನುಷ್ಯ! ಹಾಗೆ ಬಂದವನು ದೆರ್ಸು. ಗೋಲ್ದಿ ಜನಾಂಗದ ಬೇಟೆಗಾರ, ಈಗ ಅವರನ್ನು ನಾನಾಯ್ ಎನ್ನುತ್ತಾರೆ. ಹೆಂಡತಿ ಮಕ್ಕಳು ಸಿಡುಬಿಗೆ ಹೋಗಿದ್ದಾರೆ. ಮನೆ ಇಲ್ಲ, ವಯಸ್ಸು ಎಷ್ಟೆಂದು ಅವನಿಗೇ ಗೊತ್ತಿಲ್ಲ. ಬಂದವನು ಬೆಂಕಿ ಪಕ್ಕ ಕೂತು ಊಟ ಮಾಡಿ ಪೈಪು ಹಚ್ಚುತ್ತಾನೆ. ಮಾರನೆಯ ದಿನದಿಂದ ಅವರಿಗೆ ದಾರಿ ತೋರಿಸುವವನು ಅವನೇ.

ಈಗ ಆ ‘ಲೋಕ ತಿಳಿಯದ ಮುದುಕ’ನ ವಿಷಯ. ಸೈನಿಕರು ಕೂಡ ಮೊದಲು ಅವನನ್ನು ನೋಡಿ ಹಾಗೇ ನಗುತ್ತಾರೆ. ಅವನು ಬೆಂಕಿಗೂ ನೀರಿಗೂ ಸೂರ್ಯನಿಗೂ ಮನುಷ್ಯರು ಅಂತಲೇ ಹೇಳುತ್ತಾನೆ, ಚಟಪಟ ಸಿಡಿಯುವ ಸೌದೆಯನ್ನು ಗದರುತ್ತಾನೆ. ನಗು ಬರದೆ ಇರುತ್ತದಾ? ಆದರೆ ಅದೇ ದೆರ್ಸು ಕಾಲುದಾರಿ ನೋಡಿ ಯಾರು ಹೋದರು, ಎಷ್ಟು ದಿನವಾಯಿತು ಎಂದು ಹೇಳುತ್ತಾನೆ. ತೊಗಟೆ ಸುಲಿದ ಮರ ನೋಡಿ ಮುಂದೆ ಗುಡಿಸಲು ಇದೆ ಎನ್ನುತ್ತಾನೆ. ಗುಡಿಸಲು ಇರುತ್ತದೆ. ಕಣ್ಣಿದ್ದೂ ನೋಡಲ್ಲ, ನೀವೆಲ್ಲ ಮಕ್ಕಳು ಇದ್ದ ಹಾಗೆ ಇದ್ದೀರಿ, ಒಬ್ಬೊಬ್ಬರೇ ಬಿಟ್ಟರೆ ಈ ಕಾಡಲ್ಲಿ ಸತ್ತೇ ಹೋಗುತ್ತೀರಿ ಅನ್ನುವ ಅರ್ಥದಲ್ಲಿ ಅವರಿಗೇ ಬೈಯುತ್ತಾನೆ. ಇದರಲ್ಲಿ ಮುಗ್ಧತೆ ಎಲ್ಲಿ ಬಂತು ಸ್ವಾಮಿ? ಇದು ಕಸುಬು. ಮೇಸ್ತ್ರಿಗೆ ಗೋಡೆ ನೋಡಿದ ತಕ್ಷಣ ಎಲ್ಲಿ ವಾಲಿದೆ ಅಂತ ಗೊತ್ತಾಗುತ್ತದಲ್ಲ, ಹಾಗೆ.

ಸೈನಿಕರು ಒಂದು ಬಾಟಲಿಯನ್ನು ಹಗ್ಗಕ್ಕೆ ಕಟ್ಟಿ ತೂಗಾಡಿಸಿ ಗುರಿ ಹೊಡೆಯುವ ಆಟ ಆಡುತ್ತಾರೆ. ಯಾರಿಗೂ ತಾಗುವುದಿಲ್ಲ. ದೆರ್ಸು ಬಾಟಲಿ ಯಾಕೆ ಒಡೀತೀರಿ, ಕಾಡಲ್ಲಿ ಬಾಟಲಿ ಎಲ್ಲಿ ಸಿಗುತ್ತೆ ಎಂದು ಕೇಳಿ, ತೂಗಾಡುವ ಹಗ್ಗಕ್ಕೇ ಗುಂಡು ಹೊಡೆದು ಬಾಟಲಿಯನ್ನು ಗೆದ್ದುಕೊಳ್ಳುತ್ತಾನೆ. ಅವರಿಗೆ ಅದು ಆಟ, ಅವನಿಗೆ ಅದು ಒಂದು ಪಾತ್ರೆ. ಗುರಿಕಾರರೆಂದು ತಿಳಿದವರ ನಡುವೆ ನಿಜವಾದ ಗುರಿಕಾರ ಯಾರು ಎಂದು ಕುರೊಸಾವಾ ಡಂಗುರ ಹೊಡೆಯುವುದಿಲ್ಲ, ಸುಮ್ನೆ ದೂರದಿಂದ ತೋರಿಸುತ್ತಾರೆ.

ಆ ಗುಡಿಸಲಿನ ದೃಶ್ಯವನ್ನೂ ಹೇಳಬೇಕು. ಯಾರೋ ಬಿಟ್ಟುಹೋದ ಹಳೇ ಗುಡಿಸಲು. ಇವರು ಮುಂದೆ ಹೊರಡಬೇಕು. ದೆರ್ಸು ಹೊರಡುವ ಬದಲು ತೊಗಟೆ ತಂದು ಸೂರು ರಿಪೇರಿ ಮಾಡುತ್ತಾನೆ. ಆಮೇಲೆ ಕ್ಯಾಪ್ಟನ್ ಹತ್ತಿರ ಬಂದು ಸ್ವಲ್ಪ ಅಕ್ಕಿ, ಸ್ವಲ್ಪ ಉಪ್ಪು, ಬೆಂಕಿಕಡ್ಡಿ ಕೊಡು ಎನ್ನುತ್ತಾನೆ. ಮತ್ತೆ ಇಲ್ಲಿಗೆ ಬರ್ತೀಯಾ ಅಂತ ಕ್ಯಾಪ್ಟನ್ ಕೇಳಿದರೆ, ಇಲ್ಲ, ಬೇರೆ ಯಾರಾದರೂ ಬರ್ತಾರೆ, ಒಣ ಸೌದೆ ಸಿಗುತ್ತೆ, ತಿನ್ನೋಕೆ ಸಿಗುತ್ತೆ, ಸಾಯಲ್ಲ. ಅಷ್ಟೇ ಉತ್ತರ. ನಿಮ್ಮ ಪಟ್ಟಿಯಲ್ಲಿದ್ದ ಬೇರೆ ಸಿನಿಮಾಗಳಲ್ಲಿ ಬದುಕುಳಿಯುವುದು ಅಂದರೆ ಒಬ್ಬ ಗಟ್ಟಿ ಮನುಷ್ಯ ಹಲ್ಲು ಕಚ್ಚಿ ತಾನು ಬದುಕುವುದು. ಇಲ್ಲಿ ಬದುಕುಳಿಯುವುದಕ್ಕೆ ಒಂದು ವ್ಯವಸ್ಥೆ ಇದೆ. ಮುಖವನ್ನೇ ನೋಡದವನು ಸಾಯಬಾರದು ಅಂತ ಇನ್ನೊಬ್ಬ ಅಕ್ಕಿ ಇಟ್ಟು ಹೋಗುವ ವ್ಯವಸ್ಥೆ. ಈ ಸಿನಿಮಾಗೆ ಮೂಲ ಕ್ಯಾಪ್ಟನ್ ಆರ್ಸೆನ್ಯೆವ್ ತಾನೇ ಬರೆದ ಪುಸ್ತಕ, ಅದರಲ್ಲಿ ಇನ್ನೊಂದು ಪ್ರಸಂಗವಿದೆ. ಮಿಕ್ಕ ಮಾಂಸದ ತುಂಡನ್ನು ಬೆಂಕಿಗೆ ಎಸೆದಾಗ ದೆರ್ಸು ಅದನ್ನು ಎಳೆದು ಹೊರಗೆ ಹಾಕಿ ಬೈಯುತ್ತಾನೆ. ನಾಳೆ ನಾವು ಹೋದ ಮೇಲೆ ಇಲ್ಲಿಗೆ ಬೇರೆಯವರು ಬರುತ್ತಾರಲ್ಲ, ಅವರು ಏನು ತಿನ್ನಬೇಕು ಅಂತ. ಬೇರೆಯವರು ಯಾರು ಅಂದರೆ ಕಾಗೆ, ಇಲಿ, ಇರುವೆ.

ಈಗ ಆ ಉಪಕರಣಕ್ಕೆ ಬರುತ್ತೇನೆ.

ಖಾಂಕಾ ಸರೋವರ. ನಕ್ಷೆ ತೆಗೆದು ನೋಡಿ, ರಷ್ಯಾ ಚೀನಾ ಗಡಿಯ ಮೇಲೇ ಇದೆ, ಸುಮಾರು 4,000 ಚದರ ಕಿಲೋಮೀಟರ್ ನೀರು. ಚಳಿಗಾಲದಲ್ಲಿ ಹೆಪ್ಪುಗಟ್ಟಿದೆ. ಕ್ಯಾಪ್ಟನ್ ಮತ್ತು ದೆರ್ಸು ಇಬ್ಬರೇ ಅಳತೆ ಕೆಲಸಕ್ಕೆ ಹೋಗುತ್ತಾರೆ. ಗಾಳಿ ಏಳುತ್ತದೆ, ಬಂದ ಹೆಜ್ಜೆ ಗುರುತು ಮುಚ್ಚಿಹೋಗುತ್ತದೆ. ಸುತ್ತ ಎಲ್ಲಿ ನೋಡಿದರೂ ಮಂಜುಗಡ್ಡೆ, ಅಲ್ಲಲ್ಲಿ ಒಣಗಿದ ಜೊಂಡು. ದಿಕ್ಸೂಚಿ ಇದ್ದೂ ದಾರಿ ಸಿಗುವುದಿಲ್ಲ. ಹೊತ್ತು ಮುಳುಗುತ್ತಿದೆ. ದೆರ್ಸು ಒಂದೇ ಸಮ ಕೂಗುತ್ತಾನೆ, ಕ್ಯಾಪ್ಟನ್ ಬೇಗ ಹುಲ್ಲು ಕೊಯ್ಯಿ, ಬೇಗ, ಕೆಲಸ ನಿಲ್ಲಿಸಿದರೆ ಸಾಯ್ತೀವಿ! ಇಬ್ಬರೂ ಚಾಕು ಹಿಡಿದು ಜೊಂಡು ಕೊಯ್ಯುತ್ತಾರೆ. ಅದು ಎಷ್ಟು ಹೊತ್ತು ನಡೆಯುತ್ತದೆ ಅಂದರೆ ನೋಡುವವರ ಕೈ ಕೂಡ ಸೋಲುತ್ತದೆ. ಸಂಗೀತ ಇಲ್ಲ, ಬರೀ ಗಾಳಿ, ಏದುಸಿರು, ಹುಲ್ಲು ಮುರಿಯುವ ಸದ್ದು. ಕೊನೆಗೆ ಕ್ಯಾಪ್ಟನ್ ಕುಸಿದು ಬೀಳುತ್ತಾನೆ. ಎಚ್ಚರವಾದಾಗ ಬೆಳಗಾಗಿದೆ, ಅವನು ಹುಲ್ಲಿನ ಗೂಡೊಳಗೆ ಬೆಚ್ಚಗಿದ್ದಾನೆ.

ಆ ಗೂಡಿಗೆ ನಡುಗಂಬ ಯಾವುದು ಗೊತ್ತಾ? ಕೋನ ಅಳೆಯುವ ಥಿಯೋಡಲೈಟ್‌ನ ಮೂರು ಕಾಲಿನ ಸ್ಟ್ಯಾಂಡು. ಅದನ್ನು ನೆಟ್ಟು, ಅದರ ಮೇಲೆ ಹುಲ್ಲು ಹೊದಿಸಿ, ಹಗ್ಗ ಬಿಗಿದು, ಆ ಮುದುಕ ಒಬ್ಬನೇ ಮನೆ ಕಟ್ಟಿದ್ದಾನೆ.

ನಮ್ಮ ಕೆಲಸದಲ್ಲಿ ಆ ಸ್ಟ್ಯಾಂಡನ್ನು ಹೇಗೆ ನೋಡಿಕೊಳ್ಳುತ್ತೇವೆ ಅಂದರೆ ಬೇರೆಯವರು ಮುಟ್ಟಿದರೂ ಕಿರುಚುತ್ತೇವೆ. ಕಾಲು ನೆಲಕ್ಕೆ ಗಟ್ಟಿಯಾಗಿ ಊರಬೇಕು, ಲೆವೆಲ್ ನೋಡಬೇಕು, ಕೂದಲೆಳೆ ಅಲ್ಲಾಡಿದರೂ ಕೋನ ತಪ್ಪುತ್ತದೆ, ಮತ್ತೆ ಮೊದಲಿಂದ ಶುರು. ಜಾಗವನ್ನು ಅಳೆದು ಕಾಗದಕ್ಕೆ ಇಳಿಸಲು ಅಂತ ಸರ್ಕಾರ ಕೊಟ್ಟು ಕಳಿಸಿದ ವಸ್ತು ಅದು. ದೆರ್ಸುಗೆ ಅದು ಮೂರು ಒಳ್ಳೆಯ ಕೋಲು. ಅವನು ಹಾಗೆ ನೋಡಿದ್ದರಿಂದಲೇ ಅಳೆಯಲು ಬಂದವನ ಜೀವ ಉಳಿಯಿತು. ಬೆಳಿಗ್ಗೆ ಕ್ಯಾಪ್ಟನ್ ಕೃತಜ್ಞತೆ ಹೇಳಲು ಹೋದರೆ ದೆರ್ಸುಗೆ ಅದೂ ಅರ್ಥವಾಗುವುದಿಲ್ಲ. ಒಟ್ಟಿಗೆ ನಡೀತೀವಿ, ಒಟ್ಟಿಗೆ ಕೆಲಸ ಮಾಡ್ತೀವಿ, ಥ್ಯಾಂಕ್ಸ್ ಯಾಕೆ ಅನ್ನುತ್ತಾನೆ.

ಸರಿ, ಇಷ್ಟು ನೋಡಿ ಎಲ್ಲರೂ ಆಹಾ ಎಂಥ ಸ್ನೇಹ ಅಂತ ಕಣ್ಣೊರೆಸಿಕೊಂಡು ಎದ್ದು ಬರುತ್ತಾರೆ. ನಿಮ್ಮ ಲೇಖಕರೂ ಅಲ್ಲೇ ನಿಂತಿದ್ದಾರೆ. ನನ್ನ ತಕರಾರು ಇಲ್ಲಿಂದ ಶುರು. ಆ ಕ್ಯಾಪ್ಟನ್ ಅಲ್ಲಿ ಏನು ಮಾಡುತ್ತಿದ್ದ?

ನಕ್ಷೆ ಮಾಡುತ್ತಿದ್ದ. ಯಾಕೆ? ಆ ನೆಲ ರಷ್ಯಾದ ಕೈಗೆ ಬಂದದ್ದು ಚೀನಾ ಜೊತೆ ಮಾಡಿಕೊಂಡ 1860ರ ಪೀಕಿಂಗ್ ಒಪ್ಪಂದದಲ್ಲಿ, ಅಂದರೆ ದೆರ್ಸುವಿನ ಕಾಲದಲ್ಲಿ ಅದು ಹೊಸ ಆಸ್ತಿ. ವ್ಲಾದಿವೋಸ್ತೋಕ್‌ನಿಂದ ಖಬಾರೊವ್‌ಸ್ಕ್‌ವರೆಗೆ ಉಸ್ಸೂರಿ ರೈಲು ಹಾಕಿ ಮುಗಿಸಿದ್ದು 1897ರಲ್ಲಿ. ರೈಲು ಬಂದ ಮೇಲೆ ವಲಸಿಗರು ಬರಬೇಕು, ವಲಸಿಗರು ಬರಬೇಕಾದರೆ ಎಲ್ಲಿ ನೀರು, ಎಲ್ಲಿ ಮರ, ಎಲ್ಲಿ ಕಣಿವೆ ಅಂತ ಗೊತ್ತಿರಬೇಕು, ಸೈನ್ಯ ಓಡಾಡಬೇಕಾದರೆ ದಾರಿ ಗೊತ್ತಿರಬೇಕು. ಅದಕ್ಕೆ ಕ್ಯಾಪ್ಟನ್. ಇದೇನು ರಷ್ಯಾದವರ ವಿಶೇಷವಲ್ಲ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಕೂಡಲೇ ಕಂಪನಿ ಸೈನ್ಯದ ಕಾಲಿನ್ ಮೆಕೆಂಜಿ ಮೈಸೂರು ಸೀಮೆಯನ್ನು ಅಳೆಯಲು ಶುರು ಮಾಡಿದ, 1800ರಲ್ಲಿ ಬ್ರಿಟಿಷ್ ಸೈನ್ಯದ ವಿಲಿಯಂ ಲ್ಯಾಂಬ್ಟನ್ ಬೆಂಗಳೂರಿನ ಬಳಿ ಮೊದಲ ಬೇಸ್‌ಲೈನ್, ಅಂದರೆ ಉಳಿದ ಅಳತೆಗೆಲ್ಲ ಆಧಾರವಾಗುವ ಗೆರೆ, ಅಳೆದ. ನಾಡು ಗೆದ್ದವರು ಮೊದಲು ಕಳಿಸುವುದು ಸರ್ವೆಯವರನ್ನು. ಅವರಿಗೆ ಹಳ್ಳ ತೋರಿಸಿ, ಗುಡ್ಡದ ಹೆಸರು ಹೇಳಿ, ಚೈನು ಹಿಡಿದವರು ಯಾರು? ಅವರ ಹೆಸರು ನಾನು ನೋಡಿದ ಯಾವ ನಕ್ಷೆಯ ಮೂಲೆಯಲ್ಲೂ ಇಲ್ಲ. ಆ ಮಟ್ಟಿಗೆ ಆರ್ಸೆನ್ಯೆವ್ ದೊಡ್ಡ ಮನುಷ್ಯ, ದಾರಿ ತೋರಿಸಿದವನ ಹೆಸರನ್ನೇ 1923ರಲ್ಲಿ ತನ್ನ ಪುಸ್ತಕಕ್ಕೆ ಇಟ್ಟ.

ಸಿನಿಮಾ ಶುರುವಾಗುವುದೇ ದೆರ್ಸುವಿನ ಸಾವಿನ ನಂತರ. 1910. ಕ್ಯಾಪ್ಟನ್ ಕೊರ್ಫೊವ್‌ಸ್ಕಾಯಾ ಎಂಬಲ್ಲಿಗೆ ಬಂದು ಗೆಳೆಯನ ಸಮಾಧಿ ಹುಡುಕುತ್ತಿದ್ದಾನೆ. ಎತ್ತರದ ಮರಗಳ ಬುಡದಲ್ಲಿ ಹೂತಿದ್ದ ನೆನಪು. ಈಗ ಅಲ್ಲಿ ಮರಗಳಿಲ್ಲ. ಕಡಿದು ಹಾಕಿದ್ದಾರೆ, ಮನೆ ಕಟ್ಟುತ್ತಿದ್ದಾರೆ, ಗಾಡಿಗಳು ಓಡಾಡುತ್ತಿವೆ. ಗುರುತು ಸಿಗುವುದಿಲ್ಲ. ನೂರಾರು ಮೈಲಿ ಕಾಡನ್ನು ಕಾಗದದ ಮೇಲೆ ಗುರುತಿಸಿದವನಿಗೆ ಒಂದು ಆರಡಿ ಜಾಗ ಗುರುತಿಸಲಾಗುತ್ತಿಲ್ಲ. ಮರ ಕಡಿದವರು ಯಾರು, ಅವರು ಅಲ್ಲಿಗೆ ಬಂದದ್ದು ಯಾರ ನಕ್ಷೆ ಹಿಡಿದು ಅಂತ ಕುರೊಸಾವಾ ಬಾಯಿಬಿಟ್ಟು ಹೇಳುವುದಿಲ್ಲ. ಹೇಳುವ ಅಗತ್ಯ ಏನಿದೆ, ಕ್ಯಾಪ್ಟನ್ ಮುಖ ನೋಡಿದರೆ ಸಾಕು. ಯೂರಿ ಸೊಲೊಮಿನ್ ಆ ಪಾತ್ರ ಮಾಡಿದ್ದಾರೆ. ಪಾಪ, ಸಿನಿಮಾ ಬಗ್ಗೆ ಮಾತಾಡುವವರೆಲ್ಲ ದೆರ್ಸು ಪಾತ್ರವನ್ನೇ ಹೊಗಳಿ ಸೊಲೊಮಿನ್ ಅವರನ್ನು ಮರೆಯುತ್ತಾರೆ. ಸದಾ ಒಂದು ಹೆಜ್ಜೆ ಹಿಂದೆ ನಿಂತು, ಕಲಿಯುವವನ ಮುಖ ಇಟ್ಟುಕೊಂಡು ಎರಡೂಕಾಲು ಗಂಟೆ ಇರುವುದು ಸುಲಭದ ನಟನೆಯಲ್ಲ.

ಇಲ್ಲಿ ಕೆಟ್ಟ ಅಧಿಕಾರಿ ಇದ್ದಿದ್ದರೆ ನಮಗೆಲ್ಲ ಆರಾಮಾಗುತ್ತಿತ್ತು. ಅವನಿಗೆ ನಾಲ್ಕು ಬೈದು ಎದ್ದು ಬರಬಹುದಿತ್ತು. ಇವನು ಒಳ್ಳೆಯವನು. ನಿಜವಾಗಿ ಪ್ರೀತಿಸುತ್ತಾನೆ. ಮತ್ತು ಅವನು ಮಾಡುವ ಒಂದೊಂದು ಒಳ್ಳೆಯ ಕೆಲಸವೂ ದೆರ್ಸುವನ್ನು ಒಂದೊಂದು ಹೆಜ್ಜೆ ಸಾವಿನ ಹತ್ತಿರ ತರುತ್ತದೆ. ಎರಡನೇ ಭಾಗ ನೋಡಿ.

1907, ಮತ್ತೆ ಭೇಟಿ. ಇಬ್ಬರಿಗೂ ಖುಷಿಯೋ ಖುಷಿ. ಹೊಳೆಯಲ್ಲಿ ತೆಪ್ಪ ಕೊಚ್ಚಿಹೋಗುವ ದೃಶ್ಯ ಬರುತ್ತದೆ. ದೆರ್ಸು ಕ್ಯಾಪ್ಟನ್‌ನನ್ನು ದಡಕ್ಕೆ ಹೋಗುವಂತೆ ಮಾಡಿ ತಾನು ನಡುನೀರಲ್ಲಿ ಸಿಕ್ಕಿಕೊಳ್ಳುತ್ತಾನೆ. ಅಲ್ಲಿಂದಲೇ ಆ ಮರ ಕಡೀರಿ, ಈ ಕಡೆ ಬೀಳಿಸಿ ಅಂತ ತನ್ನನ್ನು ಉಳಿಸುವ ಕೆಲಸಕ್ಕೂ ತಾನೇ ಮೇಸ್ತ್ರಿಯಾಗುತ್ತಾನೆ. ಅದು ಚೆನ್ನಾಗಿದೆ, ಆದರೆ ಅಂಥದ್ದು ಬೇರೆ ಸಿನಿಮಾದಲ್ಲೂ ಸಿಗುತ್ತದೆ. ಬೇರೆಲ್ಲೂ ಸಿಗದಿರುವುದು ಹುಲಿ ಪ್ರಸಂಗ. ಹುಲಿಗೆ ಅವನು ಅಂಬಾ ಅನ್ನುತ್ತಾನೆ. ಹಿಂದೆ ಬರುತ್ತಿದೆ ಅಂತ ಗೊತ್ತಾದಾಗ ನಿಂತು ಮಾತಾಡುತ್ತಾನೆ, ನಿನ್ನ ತಂಟೆಗೆ ನಾವು ಬಂದಿಲ್ಲ, ಕಾಡು ದೊಡ್ಡದಿದೆ, ಹೋಗು ಅಂತ. ಕೊನೆಗೆ ಗುಂಡು ಹಾರಿಸಬೇಕಾಗುತ್ತದೆ. ಹುಲಿ ಓಡಿಹೋಗುತ್ತದೆ. ಕ್ಯಾಪ್ಟನ್‌ಗೆ ಅದು ಮುಗಿದ ಕಥೆ. ದೆರ್ಸು ಅಲ್ಲಿಂದ ಕುಗ್ಗಿಹೋಗುತ್ತಾನೆ. ಗುಂಡು ತಗುಲಿದ ಅಂಬಾ ಸಾಯುವ ತನಕ ಓಡುತ್ತದೆ, ಕಾಡು ಇನ್ನೊಂದು ಅಂಬಾವನ್ನು ಕಳಿಸುತ್ತದೆ ಅಂತ ಭಯ. ಅದೇ ಹೊತ್ತಿಗೆ ಅವನ ಕಣ್ಣು ಮಂಜಾಗುತ್ತಿದೆ, ಗುರಿ ತಪ್ಪುತ್ತಿದೆ. ಬೇಟೆಗಾರನಿಗೆ ಕಣ್ಣು ಹೋದರೆ ಇನ್ನೇನು ಉಳಿಯಿತು? ಕ್ಯಾಪ್ಟನ್ ಎದುರು ಅವನು ಅಂಗಲಾಚುವುದನ್ನು ಕುರೊಸಾವಾ ಹತ್ತಿರದಿಂದ ತೋರಿಸಿ ನಮ್ಮನ್ನು ಅಳಿಸಬಹುದಿತ್ತು. ಕ್ಯಾಮೆರಾವನ್ನು ಹತ್ತಿರ ಒಯ್ಯುವುದೇ ಅಪರೂಪ ಈ ಸಿನಿಮಾದಲ್ಲಿ. ಮನುಷ್ಯ ಚಿಕ್ಕದಾಗಿ, ಸುತ್ತಲಿನ ಕಾಡು ದೊಡ್ಡದಾಗಿ. 70 ಎಂಎಂ ಫಿಲ್ಮ್‌ನಲ್ಲಿ ತೆಗೆದದ್ದು ಅದಕ್ಕೇ ಇರಬೇಕು.

ಕ್ಯಾಪ್ಟನ್ ಏನು ಮಾಡುತ್ತಾನೆ? ಯಾವ ಒಳ್ಳೆಯ ಮನುಷ್ಯನಾದರೂ ಮಾಡುವುದನ್ನೇ ಮಾಡುತ್ತಾನೆ. ಬಾ, ನನ್ನ ಮನೆಯಲ್ಲಿರು ಅಂತ ಖಬಾರೊವ್‌ಸ್ಕ್‌ಗೆ ಕರೆದುಕೊಂಡು ಹೋಗುತ್ತಾನೆ. ಹೆಂಡತಿ ಒಳ್ಳೆಯವಳು, ಮಗನಿಗೆ ದೆರ್ಸು ಅಂದರೆ ಪ್ರಾಣ. ಬೆಚ್ಚನೆಯ ಕೋಣೆ, ಊಟ, ಎಲ್ಲಾ ಇದೆ. ದೆರ್ಸು ಒಲೆ ಮುಂದೆ ಕೂತು ಬೆಂಕಿ ನೋಡುತ್ತಿರುತ್ತಾನೆ. ಪೇಟೆಯಲ್ಲಿ ಬಂದೂಕು ಹಾರಿಸುವ ಹಾಗಿಲ್ಲ. ಬೀದಿಯಲ್ಲಿ ಗುಡಾರ ಹಾಕಿ ಮಲಗುವ ಹಾಗಿಲ್ಲ. ಪಾರ್ಕಿನಲ್ಲಿ ಸೌದೆಗೆ ಮರ ಕಡಿಯಲು ಹೋಗಿ ಪೊಲೀಸರ ಕೈಗೆ ಸಿಕ್ಕಿಬೀಳುತ್ತಾನೆ. ಒಂದು ದಿನ ಮನೆಗೆ ನೀರು ಮಾರುವವನು ಬಂದರೆ ದೆರ್ಸು ಅವನ ಜೊತೆ ಜಗಳಕ್ಕೆ ನಿಲ್ಲುತ್ತಾನೆ. ಹೊಳೆ ತುಂಬ ನೀರಿದೆ, ನೀರಿಗೆ ದುಡ್ಡು ತಗೊಳ್ಳೋದಾ ಅಂತ. ಫಿಲ್ಮ್ ಸೊಸೈಟಿಯಲ್ಲಿ ನೋಡಿದಾಗ ಸಭಾಂಗಣವೆಲ್ಲ ನಕ್ಕಿತ್ತು. ಈಚೆಗೆ ಮಗಳ ಮನೆಯಲ್ಲಿ, ಬೆಂಗಳೂರಿನಲ್ಲಿ, ಕೆಳಗೆ ಟ್ಯಾಂಕರ್ ಬಂದು ನಿಂತಿದ್ದಾಗಲೇ ಇದೇ ದೃಶ್ಯ ನೋಡಿದೆವು. ನಾವು ಯಾರೂ ನಗಲಿಲ್ಲ, ಅಳಿಯಂದಿರು ಎದ್ದು ಟ್ಯಾಂಕರ್‌ನವನಿಗೆ ದುಡ್ಡು ಕಳಿಸಿ ಬಂದು ಕೂತರು.

ಇರಲಿ. ಕೊನೆಗೆ ದೆರ್ಸು ಮತ್ತೆ ಕಾಡಿಗೆ ಹೋಗುತ್ತೇನೆ ಅನ್ನುತ್ತಾನೆ. ಕ್ಯಾಪ್ಟನ್ ತಡೆಯುವುದಿಲ್ಲ, ಅದೂ ಒಳ್ಳೆಯತನವೇ. ಕಣ್ಣು ಮಂದವಾದವನಿಗೆ ಸುಲಭವಾಗಲಿ ಅಂತ ಹೊಸ ಮಾದರಿಯ ಒಳ್ಳೆಯ ರೈಫಲ್ ಕೊಡುತ್ತಾನೆ. ಆಮೇಲೆ ಟೆಲಿಗ್ರಾಂ ಬರುತ್ತದೆ. ಒಬ್ಬ ಗೋಲ್ದಿಯ ಹೆಣ ಸಿಕ್ಕಿದೆ, ಜೇಬಲ್ಲಿ ನಿಮ್ಮ ಹೆಸರಿನ ಕಾರ್ಡು ಇದೆ, ಬಂದು ಗುರುತು ಹಿಡಿಯಿರಿ. ರೈಫಲ್ ಇಲ್ಲ. ಅದರ ಆಸೆಗೇ ಯಾರೋ ಕೊಂದಿರಬೇಕು. ಹಳೇ ಬಂದೂಕು ಹಿಡಿದಿದ್ದ ಮುದುಕನನ್ನು ಯಾರು ಮುಟ್ಟುತ್ತಿದ್ದರು?

ಮೊದಲ ಸಲ ಬೇರೆಯಾಗುವಾಗ, ರೈಲು ಹಳಿಯ ಪಕ್ಕದಲ್ಲಿ, ನಿನಗೇನು ಬೇಕು ಅಂತ ಕೇಳಿದರೆ ದೆರ್ಸು ಕೇಳಿದ್ದು ಕೆಲವು ಗುಂಡು ಮಾತ್ರ. ಅಷ್ಟರಲ್ಲಿ ಅವನ ಬದುಕು ನಡೆಯುತ್ತಿತ್ತು. ಎರಡನೇ ಸಲ ಜಾಸ್ತಿ ಸಿಕ್ಕಿತು. ಕುರೊಸಾವಾ ಇದಕ್ಕೆ ಕ್ಯಾಪ್ಟನ್‌ನನ್ನು ತಪ್ಪಿತಸ್ಥ ಮಾಡುವುದಿಲ್ಲ, ನಾನೂ ಮಾಡುತ್ತಿಲ್ಲ. ಆದರೆ ಇದನ್ನು ಬರೀ ‘ಎರಡು ಸಂಸ್ಕೃತಿಗಳ ಸುಂದರ ಭೇಟಿ’ ಅಂತ ಕರೆದರೆ ಅರ್ಧ ಸಿನಿಮಾ ನೋಡಿ ಎದ್ದು ಹೋದ ಹಾಗೆ. ಭೇಟಿ ಸುಂದರವೇ, ಲೆಕ್ಕ ಮಾತ್ರ ಒಬ್ಬನೇ ತೆತ್ತ.

ನಿಜದ ಕಥೆ ಗೊತ್ತಿದ್ದವರು ಕೇಳಬಹುದು, ಸಿನಿಮಾದ ಇಸವಿಗಳು ಸರಿಯಾ ಅಂತ. ಪೂರ್ತಿ ಸರಿಯಲ್ಲ. ಆರ್ಸೆನ್ಯೆವ್ ಪುಸ್ತಕದಲ್ಲೇ ಸ್ವಲ್ಪ ಹೊಂದಿಸಿಕೊಂಡಿದ್ದಾರೆ. ಅವರ ದಿನಚರಿಗಳ ಪ್ರಕಾರ ದೆರ್ಸು ಸಿಕ್ಕಿದ್ದು 1906ರಲ್ಲಿ, ಸತ್ತದ್ದು 1908ರಲ್ಲಿ. ಅಂದರೆ ಒಡನಾಟವೆಲ್ಲ ಎರಡು ವರ್ಷದೊಳಗೇ. ನಮ್ಮ ಟಿಪ್ಪಣಿ ಪುಸ್ತಕದಲ್ಲಿ ಹೀಗೆ ಇಸವಿ ಬದಲಾಯಿಸಿದ್ದರೆ ಸಸ್ಪೆಂಡ್ ಆಗುತ್ತಿದ್ದೆವು! ಕಥೆಗೆ ಪರವಾಗಿಲ್ಲ ಬಿಡಿ.

ಸಿನಿಮಾ ತಯಾರಾದ ಕಥೆಯೂ ಸಣ್ಣದಲ್ಲ. 1970ರಲ್ಲಿ ಕುರೊಸಾವಾ ಅವರ ಚಿತ್ರವೊಂದು ಸೋತಿತ್ತು, ಜಪಾನಿನಲ್ಲಿ ದುಡ್ಡು ಹಾಕುವವರಿರಲಿಲ್ಲ, 1971ರ ಕೊನೆಯಲ್ಲಿ ಅವರು ಆತ್ಮಹತ್ಯೆಗೆ ಯತ್ನಿಸಿದ್ದರು. ಆಗ ಕರೆದದ್ದು ಸೋವಿಯತ್ ಒಕ್ಕೂಟದ ಸರ್ಕಾರಿ ಸ್ಟುಡಿಯೋ ಮೊಸ್‌ಫಿಲ್ಮ್. ಯುವಕನಾಗಿದ್ದಾಗಲೇ ಓದಿ ಇಷ್ಟಪಟ್ಟಿದ್ದ ಪುಸ್ತಕ ಇದು. ಜಪಾನಿನ ಹೊರಗೆ, ಜಪಾನಿ ಅಲ್ಲದ ಭಾಷೆಯಲ್ಲಿ ಅವರು ಮಾಡಿದ ಮೊದಲ ಸಿನಿಮಾ. 1975ರಲ್ಲಿ ಬಂತು, ಮಾಸ್ಕೋ ಚಿತ್ರೋತ್ಸವದಲ್ಲಿ ದೊಡ್ಡ ಬಹುಮಾನ, ಮರುವರ್ಷ ವಿದೇಶಿ ಭಾಷಾ ಚಿತ್ರದ ಆಸ್ಕರ್. ಆಸ್ಕರ್ ಹೋದದ್ದು ಸೋವಿಯತ್ ಒಕ್ಕೂಟದ ಹೆಸರಿಗೆ. ತನ್ನ ನೆಲದಲ್ಲಿ ಜಾಗ ಸಿಗದವನು ಬೇರೆಯವರ ಕಾಡಿಗೆ ಹೋಗಿ, ಮುಪ್ಪು ಬಂದ, ಕಣ್ಣು ಮಂಜಾದ ಕುಶಲಿಯೊಬ್ಬನ ಕಥೆ ತೆಗೆದ. ಇದಕ್ಕಿಂತ ಜಾಸ್ತಿ ನಾನು ಅರ್ಥ ಹಚ್ಚಲು ಹೋಗುವುದಿಲ್ಲ.

ದೆರ್ಸು ಆದವರು ಮಕ್ಸಿಮ್ ಮುಂಜುಕ್. ನಾನಾಯ್ ಅಲ್ಲ, ದಕ್ಷಿಣ ಸೈಬೀರಿಯಾದ ತುವಾದವರು. ಅಲ್ಲಿನ ರಂಗಭೂಮಿ ಕಟ್ಟಿದವರಲ್ಲಿ ಒಬ್ಬರು. ತುವಾಕ್ಕೂ ಉಸ್ಸೂರಿಗೂ ಸಾವಿರಾರು ಕಿಲೋಮೀಟರ್ ದೂರ, ಭಾಷೆ ಬೇರೆ, ಬದುಕು ಬೇರೆ. ಇದನ್ನು ಸಿನಿಮಾದ ದೋಷ ಅಂತ ಇಂದಿನ ಹುಡುಗರು ಹೇಳಿದರೆ ನಾನು ಜಗಳ ಆಡುವುದಿಲ್ಲ. ನಾನಾಯ್ ಜನ ಇಂದಿಗೂ ಇದ್ದಾರೆ, ರಷ್ಯಾದಲ್ಲಿ ಸುಮಾರು 12,000 ಮಂದಿ. ಆದರೆ ಮುಂಜುಕ್ ಅವರ ನಡಿಗೆ ನೋಡಿ. ಗಿಡ್ಡ ಕಾಲು ಸ್ವಲ್ಪ ಬಾಗಿಸಿ, ಅವಸರವಿಲ್ಲದೆ, ಆದರೆ ನಿಲ್ಲದೆ ನಡೆಯುತ್ತಾರಲ್ಲ, ಅದು ದಿನವಿಡೀ ನಡೆಯುವವರ ನಡಿಗೆ. ಗುಡ್ಡ ಹತ್ತುವವರನ್ನು ಹಿಂದಿನಿಂದ ನೋಡುತ್ತ ನೋಡುತ್ತ ನನ್ನ ಕಣ್ಣು ಪಳಗಿದೆ, ಅದರಲ್ಲಿ ಸುಳ್ಳಿದ್ದರೆ ನನಗೆ ಗೊತ್ತಾಗುತ್ತಿತ್ತು.

ಇನ್ನೊಂದು ದೋಷ ನನಗೆ ಜಾಸ್ತಿ ಕಾಡುತ್ತದೆ. ಈ ಸಿನಿಮಾದಲ್ಲಿ ಚೀನೀಯರು ಬರುವುದು ಹೆಚ್ಚಾಗಿ ಬಲೆ, ಗುಂಡಿ ಇಡುವವರಾಗಿ, ದರೋಡೆಕೋರರಾಗಿ. ಒಬ್ಬ ಮುದುಕ ಮಾತ್ರ ಬೇರೆ. ಅವನ ಹೆಂಡತಿಯನ್ನು ಅಣ್ಣನೋ ತಮ್ಮನೋ ಕಟ್ಟಿಕೊಂಡಾಗ ಮನೆ ಬಿಟ್ಟು ಬಂದು ಕಾಡಲ್ಲಿ ಒಬ್ಬನೇ ಉಳಿದವನು. ಆ ಹೊತ್ತಿನ ರಾಜಕೀಯ ನೆನಪಿಡಬೇಕು. 1969ರ ಮಾರ್ಚ್‌ನಲ್ಲಿ ಇದೇ ಉಸ್ಸೂರಿ ನದಿಯ ದಮಾನ್ಸ್ಕಿ ದ್ವೀಪದಲ್ಲಿ ಸೋವಿಯತ್ ಮತ್ತು ಚೀನಾ ಸೈನಿಕರು ಗುಂಡು ಹಾರಿಸಿಕೊಂಡಿದ್ದರು. 1972ರಲ್ಲಿ ಸೋವಿಯತ್ ಸರ್ಕಾರ ಆ ಪ್ರದೇಶದ ಚೀನೀ ಮೂಲದ ಊರು ಹೆಸರುಗಳನ್ನು ಸಾಲು ಸಾಲಾಗಿ ಬದಲಾಯಿಸಿತು. ಇಮಾನ್ ಹೋಗಿ ದಾಲ್ನೆರೆಚೆನ್ಸ್ಕ್ ಆಯಿತು, ಸುಚಾನ್ ಹೋಗಿ ಪಾರ್ತಿಜಾನ್ಸ್ಕ್ ಆಯಿತು. ಆರ್ಸೆನ್ಯೆವ್ ಕಾಲ್ನಡಿಗೆಯಲ್ಲಿ ಕೇಳಿ ಕೇಳಿ ಬರೆದುಕೊಂಡ ಹೆಸರುಗಳಲ್ಲಿ ಎಷ್ಟೋ ಸರ್ಕಾರಿ ಆದೇಶದಲ್ಲಿ ಹೋದವು. ಅದಾಗಿ ಎರಡು ವರ್ಷದೊಳಗೆ ಅವರ ಪುಸ್ತಕವನ್ನೇ ಸರ್ಕಾರಿ ದುಡ್ಡಲ್ಲಿ ಸಿನಿಮಾ ಮಾಡಲು ಹೊರಟರು. ಇದನ್ನು ತಮಾಷೆ ಅನ್ನಬೇಕೋ ಏನನ್ನಬೇಕೋ. ಅಂದ ಹಾಗೆ ಅಲ್ಲಿ ಆರ್ಸೆನ್ಯೆವ್ ಹೆಸರಿನ ಊರೇ ಇದೆ, 1952ರಲ್ಲಿ ಇಟ್ಟದ್ದು. ಅಲ್ಲಿನ ದೊಡ್ಡ ಕಾರ್ಖಾನೆ ಮಾಡುವುದು ಯುದ್ಧದ ಹೆಲಿಕಾಪ್ಟರ್.

ಮತ್ತೆ ಹುಲಿ. ಅಂಬಾ ವಿಷಯದಲ್ಲಿ ದೆರ್ಸುವಿನ ಭಯವನ್ನು ಮೂಢನಂಬಿಕೆ ಅಂತ ನಿಮ್ಮ ಪುರವಣಿಯಲ್ಲಿ ಬರೆದಿಲ್ಲ, ಪುಣ್ಯ. ಅವನು ಸತ್ತು ನಲವತ್ತು ವರ್ಷದೊಳಗೆ ಆ ಕಾಡಿನ ಹುಲಿ ಬೆರಳೆಣಿಕೆಗೆ ಬಂದು ನಿಂತಿತ್ತು, 1947ರಲ್ಲಿ ಸೋವಿಯತ್ ಸರ್ಕಾರ ಹುಲಿ ಬೇಟೆಯನ್ನೇ ನಿಷೇಧಿಸಬೇಕಾಯಿತು. ಹುಲಿಗೆ ಗುಂಡು ಹಾರಿಸಿದರೆ ಏನೋ ಮುಗಿದುಹೋಗುತ್ತದೆ ಅಂತ ಹೆದರಿದ ಮುದುಕ ಲೆಕ್ಕದಲ್ಲಿ ಅಷ್ಟೇನೂ ತಪ್ಪಿರಲಿಲ್ಲ, ಅಲ್ವಾ?

ಕೊನೆಯದಾಗಿ ಎರಡು ಕೆಲಸದ ಮಾತು. ಪುರವಣಿಯ ಪೆಟ್ಟಿಗೆಯಲ್ಲಿ ಸಿನಿಮಾ ಜಪಾನಿ ಭಾಷೆಯದ್ದು ಅಂತ ಅಚ್ಚಾಗಿದೆ, ದಯವಿಟ್ಟು ತಿದ್ದಿ, ಅದು ರಷ್ಯನ್. ಎರಡನೆಯದು ನೋಡುವವರಿಗೆ. ಫೋನಿನಲ್ಲಿ ನೋಡಬೇಡಿ. ಸಾಧ್ಯವಾದಷ್ಟು ದೊಡ್ಡ ಪರದೆ ಹುಡುಕಿ, ಯಾರಾದರೂ ಫಿಲ್ಮ್ ಸೊಸೈಟಿಯವರು ಹಾಕಿದರೆ ಬಸ್ ಹತ್ತಿ ಹೋಗಿ. ಒಂದು ಕಡೆ ಸೂರ್ಯ ಮುಳುಗುತ್ತಿದ್ದು ಇನ್ನೊಂದು ಕಡೆ ಚಂದ್ರ ಇರುವಾಗ ನಡುವೆ ಇಬ್ಬರು ನಿಂತಿರುವ ಚಿತ್ರವೊಂದಿದೆ, ಫೋನಿನಲ್ಲಿ ಆ ಇಬ್ಬರು ಎರಡು ಇರುವೆ ಆಗಿಬಿಡುತ್ತಾರೆ. ಸಿನಿಮಾ ಎರಡು ಭಾಗದಲ್ಲಿದೆ, ಮಧ್ಯೆ ಎದ್ದು ಕಾಫಿ ಕುಡಿದು ಬನ್ನಿ, ಏನೂ ನಷ್ಟವಿಲ್ಲ. ಮೊದಲ ಕಾಲುಗಂಟೆ ಮಾತ್ರ ತಪ್ಪಿಸಬೇಡಿ. ಸಮಾಧಿ ಸಿಗದ ಆ ದೃಶ್ಯ ನೋಡದೆ ಉಳಿದದ್ದು ನೋಡಿದರೆ ನಿಮ್ಮ ಲೇಖಕರಿಗೆ ಕಂಡಷ್ಟೇ ನಿಮಗೂ ಕಾಣುತ್ತದೆ.

ಇತಿ ನಿಮ್ಮ ಹಳೆಯ ಓದುಗ,
ನಿವೃತ್ತ ಸರ್ವೇಯರ್, ತೀರ್ಥಹಳ್ಳಿ